ಕಲ್ಲುತೊಟ್ಟಿಯ ಆರನೇ ಹುಲಿಮರಿ

ಎಪ್ಪತ್ತು ದಾಟಿದ ಮೇಲೆ ನಾನು ಹೆಂಡತಿಗೆ ಹೇಳಿದ ಒಂದು ಸುಳ್ಳಿನ ವಿಚಾರ ಇದು. ಅದಕ್ಕೆ ಮೊದಲು ಹೇಳಿದವು ಚಿಲ್ಲರೆ ಸುಳ್ಳುಗಳು, ಅವು ಅವಳಿಗೂ ಗೊತ್ತು. ಈ ಸುಳ್ಳಿಗೆ ಮಾತ್ರ ಬಾಲವಿತ್ತು, ಪಟ್ಟೆಯಿತ್ತು, ಮೀಸೆಯಿತ್ತು, ದಿನಕ್ಕೆ ಎರಡು ಸಲ ತಿಂಡಿಯೂ ಬೇಕಾಗಿತ್ತು. ಅದನ್ನು ಬಚ್ಚಿಟ್ಟು ಸಾಕಿದ ದಿನಗಳಲ್ಲಿ ನಾನು ಪಟ್ಟ ಖುಷಿಯೇ ನನ್ನ ನಿಜವಾದ ತಪ್ಪು ಎಂದು ಈಗ ಅನ್ನಿಸುತ್ತದೆ. ಬರೆದುಬಿಡುತ್ತೇನೆ.

ನಮ್ಮೂರು ಮುಳ್ಳೂರು. ನಮ್ಮದು ಶಿವಾಚಾರದ ಮನೆ. ನಮ್ಮ ಹೊಸ್ತಿಲು ದಾಟಿ ಮೀನು ಒಳಗೆ ಬಂದ ಚರಿತ್ರೆ ನಮ್ಮ ತಾತನ ಕಾಲದಿಂದಲೂ ಇಲ್ಲ. ನಾನು ಹತ್ತನೇ ತರಗತಿ ಮುಗಿಸಿ ಹಿಪ್ಪುನೇರಳೆ ತೋಟಕ್ಕೆ ಇಳಿದವನು. ಮೊಣಕೈ ನೋವು ಬಂದು ನಿಲ್ಲಿಸುವ ತನಕ ರೇಷ್ಮೆ ಹುಳು ಸಾಕಿದೆ. ಲಕ್ಷಾಂತರ ಹುಳುಗಳನ್ನು ಮಕ್ಕಳಂತೆ ಬೆಳೆಸಿ, ಗೂಡು ಕಟ್ಟಿಸಿ, ಕೊಳ್ಳೇಗಾಲದ ನೂಲು ತೆಗೆಯುವವರ ಬಿಸಿನೀರಿಗೆ ಕಳಿಸಿ, ಸಂಜೆ ಸ್ನಾನ ಮಾಡಿ ವಿಭೂತಿ ಧರಿಸಿ, ನಾವು ಮೀನು ಮುಟ್ಟುವವರಲ್ಲ ಎಂದು ಹೇಳಿಕೊಂಡು ಓಡಾಡಿದವನು.

ಅಂಥ ಮನೆಗೆ ಮೀನು ಬಂದದ್ದು ನನ್ನ ಹೆಂಡತಿಯ ಮೊಣಕಾಲಿನಿಂದ. ಮಂಡಿ ಆಪರೇಷನ್ ಆದ ಮೇಲೆ ಡಾಕ್ಟರು ದಿನಾ ನಡೆಯಬೇಕು ಎಂದಿದ್ದರು. ಅವಳು ನಡೆಯಲಿಲ್ಲ. ಬಿದ್ದುಬಿಟ್ಟರೆ ಎಂಬ ಹೆದರಿಕೆ. ಮಂಚದಿಂದ ಬಚ್ಚಲಿಗೆ, ಬಚ್ಚಲಿನಿಂದ ಮಂಚಕ್ಕೆ, ಅಷ್ಟೇ ಅವಳ ಲೋಕವಾಯಿತು. ನಾನು ಗದರಿದೆ, ಬೇಡಿಕೊಂಡೆ, ಜಗಲಿಯ ತನಕ ಬಂದರೆ ಬೋಂಡ ತರಿಸುತ್ತೇನೆಂದು ಆಸೆ ತೋರಿಸಿದೆ. ಬೋಂಡವನ್ನು ಮಂಚಕ್ಕೇ ತರಿಸಿಕೊಂಡಳು.

ಅವಳ ತಮ್ಮ ಅಗರದವನು. ತನ್ನೂರಿನ ಹೋಟೆಲೊಂದು ಮುಚ್ಚಿದಾಗ ಅಲ್ಲಿದ್ದ ಗಾಜಿನ ಮೀನುತೊಟ್ಟಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದು ಅಕ್ಕನ ಮಂಚದ ಎದುರಿಗೆ ಇಟ್ಟುಬಿಟ್ಟ. ನಾನು ಹುಬ್ಬು ಗಂಟಿಕ್ಕಿದೆ. "ಭಾವ, ತಿನ್ನಕಲ್ಲ, ನೋಡಕೆ" ಎಂದ. ತೊಟ್ಟಿ ಅಲ್ಲೇ ಉಳಿಯಿತು.

ಕೊಳ್ಳೇಗಾಲದ ಆಸ್ಪತ್ರೆಗೆ ಕಾಲು ತೋರಿಸಲು ಹೋದ ದಿನ ಮೂವರೂ ಬಣ್ಣದ ಮೀನಿನ ಅಂಗಡಿಗೆ ಹೋದೆವು. ಅಂಗಡಿಯವನು ಮಾರ್ಟಳ್ಳಿ ಕಡೆಯವನು, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಮೀನುಗಳೊಂದಿಗೂ ಗಿರಾಕಿಗಳೊಂದಿಗೂ ಒಂದೇ ರೀತಿ ಮಾತಾಡುತ್ತಿದ್ದ. ಚಿನ್ನದ ಮೀನು ತೋರಿಸಿದ, ರೆಕ್ಕೆ ಬೀಸುವ ನೀಲಿ ಮೀನು ತೋರಿಸಿದ. ನನ್ನವಳ ಕಣ್ಣು ಮಾತ್ರ ನೆಲದ ಮೇಲಿದ್ದ ಥರ್ಮಕೋಲು ಡಬ್ಬಿಯ ಮೇಲಿತ್ತು. ಅದರೊಳಗೆ ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಿರುಬೆರಳಿಗಿಂತ ಚಿಕ್ಕ ಮರಿಗಳು. ಕಿತ್ತಳೆ ಮೈ, ಅದರ ಮೇಲೆ ಮೂರು ಅಗಲವಾದ ಕಪ್ಪು ಪಟ್ಟೆ, ಬಾಯಿಯ ಸುತ್ತ ಪುಟ್ಟ ಮೀಸೆ. ಲೋಚ್ ಎಂಬ ಜಾತಿ, ಇಂಡೋನೇಷ್ಯಾದ ಹೊಳೆಯಿಂದ ವಿಮಾನದಲ್ಲಿ ಚೆನ್ನೈಗೆ, ಅಲ್ಲಿಂದ ಬಸ್ಸಿನಲ್ಲಿ ಇಲ್ಲಿಗೆ ಬಂದಿವೆ ಎಂದ. ಬೆನ್ನಿನ ಮೇಲೆ ಮಾಂಸವಿರಲಿಲ್ಲ, ಹೊಟ್ಟೆ ಒಳಗೆ ಹೋಗಿತ್ತು. ನನ್ನವಳು ಕೈ ಮುಗಿದೇಬಿಟ್ಟಳು.

"ಮಾದಪ್ಪನ ಹುಲಿ ಮರಿಗೋ ಕಣ್ರಿ ಇವು" ಎಂದಳು.

ನಮ್ಮ ಮಲೆಯ ಮಾದಪ್ಪ ಹುಲಿ ಏರಿ ಕೂತ ದೇವರು. ಅವನ ಹುಲಿಯನ್ನು ಬೇಡ ಎನ್ನಲು ನನಗೆ ಧೈರ್ಯವಿಲ್ಲ. ಅಂಗಡಿಯವನಿಗಿತ್ತು. ನಿನ್ನೆ ತಾನೇ ಇಳಿದಿವೆ, ದಣಿದಿವೆ, ಒಂದೆರಡು ವಾರ ತನ್ನ ಹತ್ತಿರವೇ ಇದ್ದು ಮೇವು ಹಿಡಿಯಲಿ, ಆಮೇಲೆ ಒಯ್ಯಿರಿ ಎಂದ. ಒಂಟಿಯಾಗಿ ಬದುಕುವ ಜಾತಿಯಲ್ಲ, ಗುಂಪಾಗಿಯೇ ಒಯ್ಯಬೇಕು ಎಂದೂ ಹೇಳಿದ. ಅವಳು ಎರಡನೆಯದನ್ನು ಮಾತ್ರ ಕೇಳಿಸಿಕೊಂಡು ಆರು ಮರಿ ಕಟ್ಟಿಸಿದಳು. ಮುಳ್ಳೂರು ಬರುವ ತನಕ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಆಟೋ ಗುಂಡಿಗೆ ಬಿದ್ದಾಗಲೆಲ್ಲ ತನ್ನ ಮಂಡಿಯನ್ನು ಮರೆತು, "ಮೆಲ್ಲಗೆ ಓಡ್ಸಪ್ಪ, ಮಕ್ಕಳವೆ" ಎನ್ನುತ್ತಿದ್ದಳು.

ಮನೆಗೆ ಬಂದ ಮೇಲೆ ಮೀನು ಅವಳವು, ಕಾರುಬಾರು ನನ್ನದು. ಎಳೆ ಜೀವ ಸಾಕುವುದು ನನಗೆ ಗೊತ್ತಿಲ್ಲದ ವಿದ್ಯೆಯೇ? ರೇಷ್ಮೆಯಲ್ಲಿ ಎಳೆ ಹುಳುವಿಗೆ ಚಾಕಿ ಎನ್ನುತ್ತೇವೆ. ಚಾಕಿಯಲ್ಲಿ ಗೆದ್ದವನು ಬೆಳೆಯಲ್ಲಿ ಗೆದ್ದ. ಅದಕ್ಕೆ ಬೆಚ್ಚಗಿರಬೇಕು, ಸದ್ದು ಗದ್ದಲವಿರಬಾರದು, ಕೈ ಶುದ್ಧವಿರಬೇಕು. ಅಟ್ಟದಿಂದ ಹುಳು ಮನೆಯ ಥರ್ಮಾಮೀಟರು ಇಳಿಸಿದೆ. ಬೆಳಕು ಹೆಚ್ಚಾಗದಂತೆ ಗಾಜಿಗೆ ಹಳೇ ಪೇಪರು ಅಂಟಿಸಿದೆ. ಒಡೆದ ಗಡಿಗೆಯ ಚೂರನ್ನು ಮಗುಚಿ ಅವಕ್ಕೆ ಗುಹೆ ಮಾಡಿದೆ. ನಲ್ಲಿ ನೀರನ್ನು ಒಂದು ದಿನ ಬಕೆಟಿನಲ್ಲಿ ಇಟ್ಟು ಆಮೇಲೆ ಹಾಕಿದೆ. ತೊಟ್ಟಿಯ ಸುತ್ತ ಸುಣ್ಣ, ಬ್ಲೀಚಿಂಗ್ ಪೌಡರು ಉದುರಿಸಲು ಹೊರಟಾಗ ಮಾತ್ರ ಹೆಂಡತಿ ಊರುಗೋಲು ಅಡ್ಡ ಇಟ್ಟಳು. ಭಾಮೈದ ಬಂದರೆ ಕೈಕಾಲು ತೊಳೆಯದೆ ಒಳಗೆ ಬಿಡುತ್ತಿರಲಿಲ್ಲ. "ದೇವಸ್ಥಾನದಲ್ಲೂ ಇಷ್ಟು ಕಾನೂನಿಲ್ಲ ಭಾವ" ಎಂದು ಬೈದುಕೊಂಡೇ ಮೀನಿಗೆ ಹುಳದ ಪೊಟ್ಟಣ ತಂದುಕೊಡುತ್ತಿದ್ದ. ಹೆಪ್ಪುಗಟ್ಟಿಸಿದ ಕೆಂಪು ಹುಳ. ಅದಕ್ಕೆ ನಮ್ಮ ಫ್ರಿಜ್ಜಿನಲ್ಲಿ ಬೇರೆ ಡಬ್ಬಿ, ಡಬ್ಬಿಗೆ ಬೇರೆ ಚಮಚ. ಮೊಸರಿನ ಪಾತ್ರೆಯನ್ನು ಆಚೆ ಮೂಲೆಗೆ ಸರಿಸಿದ್ದೆ.

ಮೂರನೇ ದಿನ ನಸುಕಿನಲ್ಲಿ ಎದ್ದು ಪೇಪರು ಸರಿಸಿ ನೋಡಿದೆ. ಎಲ್ಲಕ್ಕಿಂತ ಚಿಕ್ಕದು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಗಾಜು ತಟ್ಟಿದೆ, ಅಲ್ಲಾಡಲಿಲ್ಲ.

ಇಲ್ಲಿ ರೇಷ್ಮೆಯ ಒಂದು ಮಾತು ಹೇಳಬೇಕು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು, ತಲೆ ಎತ್ತಿಕೊಂಡು, ಕಲ್ಲಿನಂತೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ತಲೆ ಎತ್ತಿ ಕೂತದ್ದನ್ನು ಯಾರೂ ಮುಟ್ಟಬಾರದು. ಮಗ್ಗುಲಾಗಿ ಬಿದ್ದದ್ದನ್ನು ಮಾತ್ರ ಆ ಕ್ಷಣವೇ ಕಡ್ಡಿಯಿಂದ ಎತ್ತಿ ಸುಣ್ಣದ ನೀರಿಗೆ ಹಾಕಬೇಕು. ಒಂದಕ್ಕೆ ಮರುಗಿ ತಡ ಮಾಡಿದರೆ ಸಂಜೆಗೆ ಇಡೀ ತಟ್ಟೆಯ ಹುಳುವೇ ಹೋಗುತ್ತದೆ. ಹೀಗೆ ಎಷ್ಟೋ ಬೆಳೆ ಉಳಿಸಿದ ಕೈ ಇದು. ಆ ಕೈಗೆ ಯೋಚನೆ ಬೇಕಾಗಲಿಲ್ಲ. ಟೀ ಸೋಸುವ ಜರಡಿಯಲ್ಲಿ ಮರಿಯನ್ನು ಎತ್ತಿ ನೀರಿನ ಚೊಂಬಿಗೆ ಹಾಕಿಕೊಂಡು ಹಿತ್ತಲಿಗೆ ನಡೆದೆ.

ಸುಣ್ಣಕ್ಕೆ ಹಾಕಲು ಮನಸ್ಸಾಗಲಿಲ್ಲ. ಮಾದಪ್ಪನ ಹುಲಿ ಎಂದಿದ್ದಳಲ್ಲ. ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುವುದು ಪದ್ಧತಿ. ಕರಿಬೇವಿನ ಗಿಡದ ಬುಡದಲ್ಲಿ ಗುದ್ದಲಿಯಿಂದ ಸಣ್ಣ ಗುಂಡಿ ತೆಗೆದೆ. ಒಂದು ಚಿಟಿಕೆ ವಿಭೂತಿಯನ್ನೂ ತಂದಿದ್ದೆ. ಶಿವನ ಹೆಸರು ಹೇಳಿ ಚೊಂಬು ಬಗ್ಗಿಸಿದೆ. ಒಳಗಿನಿಂದ ಟಕ್ ಎಂದು ಚಿಟಿಕೆ ಹೊಡೆದಂಥ ಸದ್ದು. ಇಣುಕಿದರೆ ಮರಿ ನೆಟ್ಟಗೆ ನಿಂತು, ಮೀಸೆ ಅಲ್ಲಾಡಿಸುತ್ತ ನನ್ನನ್ನು ನೋಡುತ್ತಿದೆ.

ಗುಂಡಿಯ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತು ನಕ್ಕುಬಿಟ್ಟೆ. ಆಮೇಲೆ ಹುಳು ಸಾಕಿದ ಬುದ್ಧಿ ಎಚ್ಚರವಾಯಿತು. ಎದ್ದಿದೆ ನಿಜ, ಆದರೆ ರೋಗ ಇಲ್ಲ ಎಂದು ಹೇಗೆ ನಂಬುವುದು? ಹಿಂದೆ ಎಮ್ಮೆ ನೀರು ಕುಡಿಯುತ್ತಿದ್ದ ಕಲ್ಲುತೊಟ್ಟಿ ಹಿತ್ತಲ ಗೋಡೆಯ ಆಚೆ ಬದಿಯಲ್ಲಿತ್ತು. ಅದರಲ್ಲಿ ಪಾಚಿ, ಮಳೆ ನೀರು, ಬಸವನಹುಳು. ಎರಡು ದಿನ ಬೇರೆ ಇರಲಿ, ಉಷಾರಾದರೆ ಸೇರಿಸೋಣ ಎಂದು ಮರಿಯನ್ನು ಅದರಲ್ಲಿ ಬಿಟ್ಟು, ಖಾಲಿ ಗುಂಡಿಯನ್ನು ಮುಚ್ಚಿ, ಕೈ ತೊಳೆದುಕೊಂಡು ಒಳಗೆ ಬಂದೆ.

ಹೆಂಡತಿ ಎದ್ದು ಎಣಿಸುತ್ತಿದ್ದಳು. ಐದೇ ಇವೆ ಎಂದಳು. ಇದ್ದದ್ದನ್ನು ಇದ್ದಂತೆ ಹೇಳಿದರೆ ಈಗಲೇ ತಂದು ಬಿಡಿ ಎನ್ನುತ್ತಾಳೆ, ಮಿಕ್ಕ ಐದಕ್ಕೂ ರೋಗ ಹತ್ತುತ್ತದೆ ಎಂದು ನನ್ನ ಲೆಕ್ಕ.

"ಒಂದು ಓಯ್ತು. ಮಣ್ಣು ಮಾಡ್ದಿ" ಎಂದೆ.

ಅವಳು ಅಳುತ್ತಾಳೆ ಎಂದು ನನಗೆ ಗೊತ್ತಿತ್ತು. ಆದರೆ ಊರುಗೋಲು ಹಿಡಿದು ಎದ್ದು, ನಡುಮನೆ ದಾಟಿ, ಹಿತ್ತಲ ಬಾಗಿಲಿನ ಚೌಕಟ್ಟು ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಕರಿಬೇವಿನ ಗಿಡದ ತನಕ ಹೋಗುತ್ತಾಳೆ ಎಂದು ಗೊತ್ತಿರಲಿಲ್ಲ. ಆಪರೇಷನ್ ಆದ ಮೇಲೆ ಮೊದಲ ಸಲ ಅವಳ ಪಾದಕ್ಕೆ ಮಣ್ಣು ತಾಕಿತ್ತು. ಖಾಲಿ ಗುಂಡಿಯ ಮೇಲೆ ಒಂದು ಕಣಗಿಲೆ ಹೂವಿಟ್ಟು ಅಲ್ಲೇ ಹರಕೆ ಹೊತ್ತಳು. ಉಳಿದ ಐದನ್ನು ಮಾದಪ್ಪ ಕಾಪಾಡಿದರೆ ಬೆಟ್ಟಕ್ಕೆ ಬಂದು ಮುಡಿ ಕೊಡಿಸುತ್ತೇನೆ ಎಂದಳು. ಮುಡಿ ನನ್ನದು. ಹರಕೆ ಅವಳದು, ಕೂದಲು ನನ್ನದು.

ಮಾರನೇ ಬೆಳಿಗ್ಗೆ ಪೇಪರು ಸರಿಸಿದರೆ ಐದೂ ಮಗ್ಗುಲಾಗಿ ಬಿದ್ದಿದ್ದವು. ಒಂದರ ಮೇಲೊಂದು, ಯುದ್ಧ ಮುಗಿದ ಬಯಲಿನಂತೆ. ಜರಡಿ ಹಿಡಿದು ಓಡಿ ಬಂದೆ. ನೀರಿಗೆ ಜರಡಿ ಇಳಿಸುವುದರೊಳಗೆ ಹಿಂದಿನಿಂದ ಊರುಗೋಲು ನನ್ನ ಬೆನ್ನಿಗೆ ಬಿತ್ತು.

"ಅವು ಮಲಗವೆ" ಎಂದಳು. "ನೀವು ಮದ್ಯಾನ ಉಂಡ್ಬುಟ್ಟು ಬಾಯಿ ತಕ್ಕಂಡು ಮಗ್ಗುಲಾಗಿ ಬಿದ್ದಿರ್ತೀರಲ್ಲ, ನಾನೇನು ನಿಮ್ಮ ಎತ್ತಿ ಈಚಿಗಾಕಿವ್ನಾ?"

ಅವಳು ಹುಳದ ಡಬ್ಬಿಯ ಮುಚ್ಚಳ ತೆಗೆದು ತೊಟ್ಟಿಯ ಅಂಚಿಗೆ ತಟ್ಟಿದಳು. ಐದು ಶವಗಳೂ ಎದ್ದು ಊಟಕ್ಕೆ ಬಂದವು. ಒಂದಂತೂ ತಲೆಕೆಳಗಾಗಿ ನಿಂತು ತಿಂದಿತು. ಆ ಮೀನು ಮಲಗುವ ರೀತಿಯೇ ಹಾಗೆ. ಹುಳುವಿನ ಕಾನೂನನ್ನು ನಾನು ಮೀನಿನ ಮೇಲೆ ಹೇರಿದ್ದೆ.

ಆಗ ಅವಳು ನನ್ನ ಮುಖ ನೋಡಿದಳು. "ಅಂಗಾದ್ರ ಮಣ್ಣು ಮಾಡಿದ್ದು? ಅದೂ ಮಲಗಿತ್ತಾ?"

ಇದೇ ಜಾಗ. ಇಲ್ಲಿ ನಿಜ ಹೇಳಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಕೈಯಲ್ಲಿ ಜರಡಿ ಹಿಡಿದು ನಿಂತವನಿಗೆ ಮಾನ ಹೋಗುತ್ತದೆ ಎನ್ನಿಸಿತು. ಇಲ್ಲ, ಅದು ನಿಜವಾಗಿಯೂ ಹೋಗಿತ್ತು, ನಾನು ನೋಡಿದೆನಲ್ಲ ಎಂದೆ. ಮೊದಲನೆಯದು ತಪ್ಪು ಲೆಕ್ಕ. ಇದು ಶುದ್ಧ ಸುಳ್ಳು.

ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆ ಬರುತ್ತದೆ. ಬೆಳಿಗ್ಗೆ ಸಂಜೆ ನಾನು ಕರಿಬೇವು ತರುವ ನೆಪದಲ್ಲಿ ಕಲ್ಲುತೊಟ್ಟಿಗೆ ಹೋಗುತ್ತಿದ್ದೆ. ಮರಿ ನನ್ನ ನೆರಳು ಕಂಡರೆ ಮೇಲೆ ಬರುತ್ತಿತ್ತು. ಸೊಳ್ಳೆಮರಿ ತಿಂದು, ಬಸವನಹುಳುವನ್ನು ಚಿಪ್ಪಿನಿಂದ ಎಳೆದು ತಿಂದು ಹೊಟ್ಟೆ ಗುಂಡಗಾಗಿತ್ತು. ನಾನು ನಾಲಿಗೆಯಲ್ಲಿ ಟಕ್ ಎಂದರೆ ಅದೂ ಟಕ್ ಎನ್ನುತ್ತಿತ್ತು. ಹತ್ತು ನಿಮಿಷ ಹೀಗೆ ಇಬ್ಬರೂ ಮಾತಾಡುತ್ತಿದ್ದೆವು. ಹೊಸದಾಗಿ ಮದುವೆಯಾದವನಂತೆ ಗುನುಗಿಕೊಂಡು ಒಳಗೆ ಬರುತ್ತಿದ್ದೆ. ಕೈ ತುಂಬ ಕರಿಬೇವು. ಸಾರಿಗೆ, ಮಜ್ಜಿಗೆಗೆ, ಉಪ್ಪಿಟ್ಟಿಗೆ, ಎಲ್ಲದಕ್ಕೂ ಕರಿಬೇವು. "ಆ ಗಿಡಕ್ಕೆ ಎಲೆ ಬುಡ್ರಿ, ಕೂಸಿಗೆ ನೆರಳು ಬ್ಯಾಡ್ವಾ" ಎಂದಳು ಒಂದು ದಿನ. ಮಾರನೇ ದಿನದಿಂದ ಎಲೆ ಎಣಿಸಿ ಕಿತ್ತೆ.

ಏಕೆಂದರೆ ಅವಳು ದಿನಾ ಅಲ್ಲಿಗೆ ಹೋಗುತ್ತಿದ್ದಳು. ಮೊದಲು ಊರುಗೋಲು ಹಿಡಿದು, ಆಮೇಲೆ ಗೋಡೆ ಹಿಡಿದು, ಆಮೇಲೆ ಏನನ್ನೂ ಆತುಕೊಳ್ಳದೆ ಚೊಂಬು ಹಿಡಿದು. ಗುಂಡಿಯ ಮೇಲೆ ಚೆಂಡುಹೂವಿನ ಬೀಜ ಹಾಕಿದ್ದಳು, ಅದಕ್ಕೆ ನೀರು. ಆಸ್ಪತ್ರೆಯಲ್ಲಿ ಇಷ್ಟು ಬೇಗ ಹೇಗೆ ಚೇತರಿಸಿಕೊಂಡಿರಿ ಎಂದು ಡಾಕ್ಟರು ಕೇಳಿದಾಗ ಅವಳು ಮಾದಪ್ಪ ಎಂದಳು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ನಿಜ ಹೇಳಿದರೆ ಅವಳು ಹಿತ್ತಲಿಗೆ ಹೋಗುವುದನ್ನು ನಿಲ್ಲಿಸಿ ಮತ್ತೆ ಮಂಚ ಹತ್ತಿದರೆ? ಇದು ನನಗೆ ಸಿಕ್ಕ ಒಳ್ಳೆಯ ನೆಪ. ಅದನ್ನೂ ತಬ್ಬಿಕೊಂಡೆ.

ಭಾಮೈದನಿಗೆ ಗೊತ್ತಾಯಿತು. ಒಂದು ಸಂಜೆ ಗೋಡೆಯ ಹಿಂದೆ ಬಂದು ನಿಂತಿದ್ದಾನೆ, ನಾನು ತೊಟ್ಟಿಗೆ ಬಗ್ಗಿ ಟಕ್ ಟಕ್ ಎನ್ನುತ್ತಿದ್ದೇನೆ. ತೊಟ್ಟಿಯೊಳಗೆ ನೋಡಿದ, ನನ್ನನ್ನು ನೋಡಿದ, ಕರಿಬೇವಿನ ಬುಡದ ಹೂಗಿಡ ನೋಡಿದ.

"ಭಾವ, ತಿಥಿ ಯಾವತ್ತು ಮಡಗಿದೀರಿ? ಪಾಯಸಕ್ಕೆ ಬತ್ತೀನಿ."

"ಲೇ, ಬಾಯಿ ಮುಚ್ಕಳ್ಳಾ. ನಿಮ್ಮಕ್ಕುಂಗೆ ನಾನೇ ಏಳ್ತೀನಿ."

"ಯಾವಾಗ? ನಿಮ್ದು ತಿಥಿ ಆದ್ಮೇಲಾ?"

ಅವನು ಹೇಳಲಿಲ್ಲ, ಅದು ಅವನ ದೊಡ್ಡತನ. ಆದರೆ ಬಂದಾಗಲೆಲ್ಲ ಅಕ್ಕನ ಎದುರಿಗೇ ಸತ್ತ ಮರಿಯ ಗುಣಗಾನ ಮಾಡುತ್ತಿದ್ದ. ಎಂಥಾ ಮರಿ ಅಕ್ಕ, ಅಂಥದ್ದು ಇನ್ನು ಹುಟ್ಟುವುದಿಲ್ಲ ಎನ್ನುತ್ತಿದ್ದ. ಅವಳು ಕಣ್ಣೊರೆಸಿಕೊಳ್ಳುತ್ತಿದ್ದಳು. ಅವನು ನನ್ನತ್ತ ನೋಡಿ ಮೀಸೆ ತಿರುವುತ್ತಿದ್ದ.

ಮಾರ್ಗಶಿರದ ಚಳಿ ನನ್ನನ್ನು ಹಿಡಿದುಕೊಟ್ಟಿತು. ಒಳಗಿನ ತೊಟ್ಟಿಗೆ ನೀರು ಬೆಚ್ಚಗಿಡುವ ಹೀಟರು ಇತ್ತು. ಕಲ್ಲುತೊಟ್ಟಿಗೆ ಬಿಸಿಲೊಂದೇ. ಒಂದು ಬೆಳಿಗ್ಗೆ ನೀರಿಗೆ ಕೈ ಇಟ್ಟರೆ ಬೆರಳು ಮರಗಟ್ಟಿತು. ಟಕ್ ಎಂದೆ. ಉತ್ತರವಿಲ್ಲ. ಮರಿ ತಳದಲ್ಲಿ ಮಗ್ಗುಲಾಗಿತ್ತು, ಕಿತ್ತಳೆ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ಈ ಸಲ ಅದು ಮಲಗಿಲ್ಲ ಎಂದು ನನಗೆ ಗೊತ್ತಾಯಿತು. ಕಿವಿರು ಮಾತ್ರ ಮೆಲ್ಲಗೆ ಆಡುತ್ತಿತ್ತು. ಒಂದು ಸಲ ಬದುಕಿದ್ದನ್ನು ಸತ್ತಿದೆ ಎಂದಿದ್ದೆ. ಈಗ ನನ್ನ ಮಾನಕ್ಕಾಗಿ ಅದು ನಿಜವಾಗಿ ಸಾಯಬೇಕೆ?

ಗಾಜಿನ ಬಾಟಲಿಗೆ ಮರಿಯನ್ನು ತೆಗೆದುಕೊಂಡು, ಶಾಲಿನೊಳಗೆ ಹೊಟ್ಟೆಗೆ ಒತ್ತಿಕೊಂಡು ಒಳಗೆ ಬಂದೆ. ಅವಳು ಐದಕ್ಕೂ ಮೇವು ಹಾಕುತ್ತಿದ್ದಳು. ಬಾಟಲಿಯನ್ನು ಅವಳ ಕೈಗೆ ಕೊಟ್ಟು ಎಲ್ಲ ಹೇಳಿದೆ. ಜರಡಿ, ಚೊಂಬು, ಖಾಲಿ ಗುಂಡಿ, ಕರಿಬೇವು, ಎಲ್ಲ. ಹೇಳುವಾಗ ನನ್ನ ಧ್ವನಿ ಶಾಲೆಯಲ್ಲಿ ಬೆಂಚಿನ ಮೇಲೆ ನಿಂತ ಹುಡುಗನದಾಗಿತ್ತು. ಅವಳು ನನ್ನನ್ನು ನೋಡಲೇ ಇಲ್ಲ. ಬಾಟಲಿಯನ್ನು ಎರಡೂ ಅಂಗೈಯಲ್ಲಿ ಹಿಡಿದು ಬಾಯಿಯಿಂದ ಅದಕ್ಕೆ ಬಿಸಿ ಉಸಿರು ಊದುತ್ತಿದ್ದಳು.

ಊದುವುದನ್ನು ನಿಲ್ಲಿಸಿ ಕೇಳಿದಳು. "ಅಲ್ಲಿ ಒಂದೇ ಇತ್ತಾ?"

"ಒಂದೇ."

"ಇಷ್ಟು ದಿವ್ಸವೂ?"

ನಾನು ತಲೆ ಬಗ್ಗಿಸಿದೆ. ದಿನಾ ಹೋಗಿ ಮಾತಾಡಿಸುತ್ತಿದ್ದೆ ಎಂದೆ.

"ಬಂದು ಮಾತಾಡ್ಸಿ ಓದ್ರ ಒಂಟಿತನ ಓಯ್ತದಾ? ಆ ಮಂಚದ ಮ್ಯಾಲೆ ಕುಂತು ನೋಡಿ, ಗೊತ್ತಾಯ್ತದ. ನೀವೂ ದಿನಾ ಬಂದು ಮಾತಾಡ್ಸಿಬುಟ್ಟು ಓಯ್ತಿದ್ರಿ."

ಸುಳ್ಳಿಗಾಗಿ ಬೈಯುತ್ತಾಳೆ ಎಂದು ಸಿದ್ಧನಾಗಿ ಬಂದಿದ್ದೆ. ಅವಳು ಬೈದದ್ದು ಮೀನು ಬರುವುದಕ್ಕೂ ಹಿಂದಿನದಕ್ಕೆ.

ಬಾಟಲಿಯನ್ನು ಮುಚ್ಚಳವಿಲ್ಲದೆ ತೊಟ್ಟಿಯ ನೀರಿನಲ್ಲಿ ತೇಲಿಬಿಟ್ಟಳು, ಒಳಗಿನ ನೀರು ಮೆಲ್ಲಗೆ ಬೆಚ್ಚಗಾಗಲಿ ಎಂದು. ಇಬ್ಬರೂ ಮಂಚದ ಅಂಚಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಗಡಿಗೆ ಚೂರಿನ ಕೆಳಗಿನಿಂದ ಒಂದು ಬಂತು. ಗಾಜಿಗೆ ಮೀಸೆ ತಾಕಿಸಿತು. ಇನ್ನೊಂದು ಬಂತು. ಐದೂ ಬಾಟಲಿಯ ಸುತ್ತ ಮುತ್ತಿಕೊಂಡವು. ಎಲ್ಲಿಂದಲೋ ಟಕ್ ಎಂದು ಸದ್ದಾಯಿತು. ಬಾಟಲಿಯೊಳಗಿನ ಬೂದಿ ಬಣ್ಣದ್ದು ನೆಟ್ಟಗಾಯಿತು. ಅದೂ ಟಕ್ ಎಂದಿತು. ಆಮೇಲೆ ಒಳಗೂ ಹೊರಗೂ ಟಕ್ ಟಕ್ ಟಕ್, ಮಂಡಕ್ಕಿ ಹುರಿದಂತೆ. ನನ್ನವಳು ನನ್ನ ಮಂಡಿ ಗಟ್ಟಿಯಾಗಿ ಹಿಡಿದುಕೊಂಡಳು. ಬಾಟಲಿ ಬಗ್ಗಿಸಿದ್ದೇ ತಡ ಆರೂ ಸೇರಿ ಗಾಜಿನುದ್ದಕ್ಕೂ ಮೇಲಕ್ಕೆ ಓಡಿದವು, ಕೆಳಕ್ಕೆ ಬಿದ್ದವು, ಒಂದನ್ನೊಂದು ಸುತ್ತಿಕೊಂಡು ಮತ್ತೆ ಮೇಲಕ್ಕೆ ಓಡಿದವು. ಯಾವುದು ಹೊಸದು ಯಾವುದು ಹಳೆಯದು ತಿಳಿಯದಂತೆ ಕುಣಿದವು. ಒಂದು ಮಾತ್ರ ಗುಂಡಗಿತ್ತು. ಬಸವನಹುಳು ತಿಂದದ್ದು. ನಾವಿಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ನಗು ನಿಲ್ಲಿಸಿ ಅವಳು ತೀರ್ಪು ಕೊಟ್ಟಳು. "ಐದು ಉಳುದ್ರ ನಿಮ್ಮ ಕೂದ್ಲು ಅಂತ ಅರಕೆ ಒತ್ತಿದ್ದೆ. ಆರಾಯ್ತು. ಆರ್ನೇದಕ್ಕೆ ಮೀಸೆ."

ಮೀಸೆ ನನಗೆ ಮದುವೆಗಿಂತ ಹಳೆಯದು. ಕೊಡುತ್ತೇನೆ ಎಂದೆ.

ಕೊಳ್ಳೇಗಾಲದಿಂದ ಬೆಟ್ಟದ ಬಸ್ಸು ಹತ್ತಿದೆವು. ಹನೂರಿನಲ್ಲಿ ಬಸ್ಸು ನಿಂತಾಗ ಅವಳು ಯಾರ ಕೈಯನ್ನೂ ಹಿಡಿಯದೆ ಇಳಿದು ಟೀ ಕುಡಿದು ಬಂದಳು. ನಾನು ಕಿಟಕಿಯಿಂದ ಅವಳ ಕಾಲನ್ನೇ ನೋಡುತ್ತಿದ್ದೆ. ಬೆಟ್ಟದಲ್ಲಿ ಮುಡಿ ತೆಗೆಯುವವನು ತಲೆ ಮುಗಿಸಿ ಮೀಸೆಯ ಹತ್ತಿರ ಕತ್ತಿ ನಿಲ್ಲಿಸಿ, ಇದೂ ಹರಕೆಯೇ ಎಂದು ಕೇಳಿದ. ಅದು ದಂಡ ಎಂದಳು ಪಕ್ಕದಲ್ಲಿ ನಿಂತವಳು. ನಾನು ಕಣ್ಣು ಮುಚ್ಚಿ ಮಾದಪ್ಪನ ಬಳಿ ಕ್ಷಮೆ ಕೇಳಿದೆ. ಸುಳ್ಳಿಗೆ ಕೇಳಿದೆ, ಕರಿಬೇವಿಗೆ ಕೇಳಿದೆ, ಬಿಸಿನೀರಿಗೆ ಹೋದ ಹುಳುಗಳಿಗೂ ಕೇಳಿದೆ. ಮಂಚದ ಮಾತಿಗೆ ಅವನ ಬಳಿ ಕೇಳಲಿಲ್ಲ. ಅದನ್ನು ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳ ಬಳಿಯೇ ಕೇಳಿದೆ. ಅವಳು ಕಡಲೆಕಾಯಿ ಸುಲಿದು ಅರ್ಧ ನನ್ನ ಕೈಗೆ ಹಾಕಿದಳು.

ಗುಂಡಿ ಖಾಲಿ ಎಂದು ತಿಳಿದ ಮೇಲೂ ಅವಳು ಹಿತ್ತಲಿಗೆ ಹೋಗುವುದನ್ನು ಬಿಡಲಿಲ್ಲ. ಹೂವು ಬಿಟ್ಟಿದೆಯಲ್ಲ, ನೀರು ಹಾಕಬೇಡವೇ ಎನ್ನುತ್ತಾಳೆ. ಈಗ ನಾನೂ ಜೊತೆಗೆ ಹೋಗುತ್ತೇನೆ. ಕರಿಬೇವು ಕೀಳುವುದಿಲ್ಲ.

ಬೆಟ್ಟದಿಂದ ಬಂದ ದಿನ ಮಾತ್ರ ಒಂದು ಅವಮಾನವಾಯಿತು. ಚಪ್ಪಲಿ ಬಿಟ್ಟವನೇ ಕೈಕಾಲು ತೊಳೆದುಕೊಂಡು ಮೀನುತೊಟ್ಟಿಗೆ ಮುಖ ತಂದು ಟಕ್ ಎಂದೆ. ಬೋಳು ತಲೆ, ಮೀಸೆಯಿಲ್ಲದ ಮೂತಿ. ಆರೂ ಒಂದೇ ಏಟಿಗೆ ಗಡಿಗೆ ಚೂರಿನ ಅಡಿಗೆ ಓಡಿಹೋದವು. ಕಲ್ಲುತೊಟ್ಟಿಯದು ಎಲ್ಲಕ್ಕಿಂತ ಮುಂದೆ.